ನ್ಯೂಕ್ಯಾಸಲ್‌ಗೆ ಕಲ್ಲಿದ್ದಲು, ತಿಪಟೂರಿಗೆ ಕೊಬ್ಬರಿ



ತಿಪಟೂರಿನ ಮಾರುಕಟ್ಟೆಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯಿಂದಲೂ ಕೊಬ್ಬರಿ ಚೀಲಗಳು ಅಲ್ಲಿಗೆ ಬಂದು ಬೀಳುತ್ತವೆ. ಅಂಥ ಊರಿನ ನೆಂಟರ ಮನೆಗೆ ಒಬ್ಬಾತ ಬೆಂಗಳೂರಿನ ಅಂಗಡಿಯಿಂದ ಎರಡು ಕಿಲೋ ಕೊಬ್ಬರಿ ಕೊಂಡು ತಂದನೆನ್ನಿ. ನಿಮಗೆ ನಗು ಬರುತ್ತದೆ. ಬಂದಿತಾದರೆ, 'ಟು ಕ್ಯಾರಿ ಕೋಲ್ಸ್ ಟು ನ್ಯೂಕ್ಯಾಸಲ್' ಎಂಬ ಇಂಗ್ಲಿಷ್ ನುಡಿಗಟ್ಟು ಅರ್ಥವಾಯಿತೆಂದೇ ತಿಳಿಯಿರಿ. ಇಂಗ್ಲೆಂಡಿನ ಈಶಾನ್ಯದಲ್ಲಿ ಟೈನ್ ನದಿಯ ದಡದ ಈ ಊರು ಶತಮಾನಗಳ ಕಾಲ ಲಂಡನ್ನಿಗೆ ಹಡಗಿನಲ್ಲಿ ಕಲ್ಲಿದ್ದಲು ಕಳುಹಿಸಿತು. ಆ ಸೀಮೆಯ ಕೊನೆಯ ಆಳದ ಗಣಿ 2005ರಲ್ಲಿ ಮುಚ್ಚಿತು; ಮಾತು ಮಾತ್ರ ಉಳಿದಿದೆ.

ನುಡಿಗಟ್ಟಿನ ಅರ್ಥ ಬಿಡಿಪದಗಳನ್ನು ಕೂಡಿಸಿದರೆ ಸಿಗುವುದಿಲ್ಲ. ನಮ್ಮ 'ಹೊಟ್ಟೆಕಿಚ್ಚು' ಎಂಬುದನ್ನೇ ನೋಡಿ. ಹೊಟ್ಟೆಗೆ ಜಠರ, ಕಿಚ್ಚಿಗೆ ಅಗ್ನಿ ಎಂದು ಪದ ಬದಲಿಸಿದರೆ 'ಜಠರಾಗ್ನಿ'ಯಾಗುತ್ತದೆ. ಮತ್ಸರ ಹೋಗಿ ಜೀರ್ಣಶಕ್ತಿ ಉಳಿಯುತ್ತದೆ! ಇಂಗ್ಲಿಷಿನಲ್ಲೂ ಹೀಗೆಯೇ. ಕೆಲವಕ್ಕೆ ಕನ್ನಡದ ಜೋಡಿ ಸುಲಭವಾಗಿ ಸಿಗುತ್ತದೆ: 'ಎ ಹಾರ್ಡ್ ನಟ್ ಟು ಕ್ರ್ಯಾಕ್' ಎಂದರೆ ನಮ್ಮ ಕಬ್ಬಿಣದ ಕಡಲೆ. 'ಒನ್ಸ್ ಇನ್ ಎ ಬ್ಲೂ ಮೂನ್' ಎಂದರೆ ಅಮಾವಾಸ್ಯೆಗೋ ಹುಣ್ಣಿಮೆಗೋ ಒಮ್ಮೆ. ಆದರೆ ಇಂಗ್ಲಿಷಿನವರದು ಇನ್ನೂ ಅಪರೂಪ. ಒಂದೇ ತಿಂಗಳಲ್ಲಿ ಬರುವ ಎರಡನೆಯ ಹುಣ್ಣಿಮೆಯನ್ನು ಅವರು 'ಬ್ಲೂ ಮೂನ್' ಎನ್ನುತ್ತಾರೆ. ಅದು ಸುಮಾರು ಎರಡೂವರೆ ವರ್ಷಕ್ಕೊಮ್ಮೆ.

ಅರ್ಥ ತಿಳಿದರೆ ಸಾಕೇ? ಸಾಲದು ಎಂದು ನಾನು ಕಲಿತದ್ದು ಹೀಗೆ.

ಕಾಲೇಜಿನ ಮೊದಲ ವರ್ಷದಲ್ಲಿದ್ದಾಗ ನಮ್ಮ ತಾತ ತೀರಿಕೊಂಡರು. ಅವರು ಅಟ್ಟಕ್ಕೆ ಏರಿಸಿದ್ದ ಕಾಯಿಗಳಲ್ಲಿ ನೀರು ಇನ್ನೂ ಇಂಗಿರಲಿಲ್ಲ. ಕೊಬ್ಬರಿಯಾಗಲು ತಿಂಗಳುಗಟ್ಟಲೆ ಬೇಕಿತ್ತು. ಕಾರ್ಯ ಮುಗಿಸಿ ಮರಳಿದ ಮೇಲೆ ರಜೆ ಅರ್ಜಿ ಬರೆಯಬೇಕಾಯಿತು. 'ಕಿಕ್ ದ ಬಕೆಟ್ ಎಂದರೆ ಸಾಯು' ಎಂದು ಗೈಡಿನಿಂದ ಬಾಯಿಪಾಠ ಮಾಡಿದ್ದೆ. 'ಮೈ ಗ್ರ್ಯಾಂಡ್‌ಫಾದರ್ ಕಿಕ್ಡ್ ದ ಬಕೆಟ್' ಎಂದು ದುಂಡಗೆ ಬರೆದು ಅಧ್ಯಾಪಕರ ಕೈಗಿತ್ತೆ. ಭಾಷೆಯನ್ನು ಮೆಚ್ಚುತ್ತಾರೆಂದು ನನ್ನ ಎಣಿಕೆ. ಅವರು ಓದಿ, ಪಕ್ಕಕ್ಕೆ ಕರೆದು, ಮೆಲ್ಲಗೆ ಕೇಳಿದರು: "ತಾತ ನೆಗೆದುಬಿದ್ದರು ಅಂತ ನಿಮ್ಮ ಅಜ್ಜಿಯ ಮುಂದೆ ಹೇಳ್ತೀಯೇನಪ್ಪಾ?"

ನನಗೆ ಮಾತು ಹೊರಡಲಿಲ್ಲ. ಗೈಡು ಕೊಟ್ಟ ಅರ್ಥ ತಪ್ಪಲ್ಲ. ಅದು ಹಗುರವಾದ, ತಮಾಷೆಯ ಮಾತು, ದುಃಖದ ಮನೆಗೆ ಒಯ್ಯುವಂಥದಲ್ಲ ಎಂಬುದನ್ನು ಮಾತ್ರ ಅದು ಹೇಳಿರಲಿಲ್ಲ. 'ಪಾಸ್ಡ್ ಅವೇ' ಎಂದು ತಿದ್ದಿ ಮತ್ತೆ ಬರೆದೆ.

ಈ ಸೂಕ್ಷ್ಮ ನಮ್ಮ ಸೀಮೆಯವರಿಗೆ ಹೊಸದೇನಲ್ಲ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ.ಎಂ.ಶ್ರೀಕಂಠಯ್ಯನವರು ಮೈಸೂರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು. 'ಇಂಗ್ಲಿಷ್ ಗೀತಗಳು' ಮಾಡುವಾಗ ಅವರು ಪದಕ್ಕೆ ಪದ ಇಡದೆ, ಕನ್ನಡದ ಜಾಯಮಾನಕ್ಕೆ ಒಗ್ಗಿಸಿಕೊಂಡರು.

ಆದ್ದರಿಂದ ನಿಮ್ಮ ನೋಟುಪುಸ್ತಕದಲ್ಲಿ ನುಡಿಗಟ್ಟಿನ ಪಕ್ಕ ಅರ್ಥ ಬರೆದು ನಿಲ್ಲಿಸಬೇಡಿ. ಕನ್ನಡದ ಜೋಡಿ ಮಾತು ಬರೆಯಿರಿ. ಯಾರು, ಯಾರ ಮುಂದೆ ಆಡುವ ಮಾತೆಂದೂ ಬರೆಯಿರಿ. 'ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್' ಎಂದು ಪ್ರಬಂಧದಲ್ಲಿ ತುರುಕುವವರು ಬಹಳ. ಮಾತಿನಲ್ಲಿ 'ಇಟ್ ಈಸ್ ಪೋರಿಂಗ್' ಎಂದರೆ ಸಾಕು.

ಕೊನೆಗೊಂದು ಕೆಲಸ. ಇಂಗ್ಲಿಷಿನಲ್ಲಿ 'ದಟ್ ಅಕೌಂಟ್ಸ್ ಫಾರ್ ದ ಮಿಲ್ಕ್ ಇನ್ ದ ಕೋಕೊನಟ್' ಎಂಬ ಹಳೆಯ ಮಾತೊಂದಿದೆ. 'ಓಹೋ, ಗುಟ್ಟು ಇದೋ!' ಎಂದು ಅರ್ಥ. ತೆಂಗು ಬೆಳೆಯದ ನಾಡಿನವರು ಕಾಯೊಳಗಿನ ನೀರನ್ನು ಹಾಲೆಂದು ಕರೆದು ಬೆರಗುಪಟ್ಟಿದ್ದಾರೆ. ಇದಕ್ಕೆ ನಿಮ್ಮ ಊರಿನಲ್ಲಿ ಯಾವ ಮಾತಿದೆ? ಮನೆಯ ಹಿರಿಯರನ್ನು ಕೇಳಿ ಬರೆದುಕೊಳ್ಳಿ.