ಮುಟ್ಟಾಗದ ಮಗಳು

(ದೇವನೂರಿನ ಸಭೆಯಲ್ಲಿ ಮಾಡಿದ ಭಾಷಣ)



ನೆಲ, ನೀರು, ಕೂಲಿಗಳ ಮಾತಿಗೆ ಸೇರುವ ಸಭೆಯಲ್ಲಿ ಇಂದು ಹೆಣ್ಣಿನ ಗರ್ಭದ ಮಾತನ್ನೆತ್ತಿದ್ದೇವೆ. ಗಂಡಸರು ಎದ್ದುಹೋಗಬೇಡಿ. ಮದುವೆ ಮುರಿಯುವ ನ್ಯಾಯಕ್ಕೆ ಕೂರುವವರು ನೀವೇ. ಆದುದರಿಂದ ನೀವೇ ಮೊದಲು ಕೇಳತಕ್ಕದ್ದು.

ನಮ್ಮ ನಂಜನಗೂಡು, ನರಸೀಪುರ ಸೀಮೆಯಲ್ಲಿ ಹುಡುಗಿ ದೊಡ್ಡವಳಾದರೆ ಸೋದರಮಾವ ಗುಡ್ಲು ಹಾಕುತ್ತಾನೆ, ಮುತ್ತೈದೆಯರು ಆರತಿ ಎತ್ತುತ್ತಾರೆ. ಊರಿಗೆಲ್ಲ ತಿಳಿಯುತ್ತದೆ. ಗುಡ್ಲು ಹಾಕದ ಮನೆಯ ಸುದ್ದಿಯೂ ಊರಿಗೆಲ್ಲ ತಿಳಿಯುತ್ತದೆ. ಹುಡುಗಿಗೆ ಹದಿನಾರು ತುಂಬಿತು, ಹದಿನೇಳು ತುಂಬಿತು. ಎದೆ ಬೆಳೆದಿದೆ, ಮೈ ತುಂಬಿದೆ, ಮುಟ್ಟು ಮಾತ್ರ ಬಂದಿಲ್ಲ. ತಾಯಿ ನಂಜುಂಡೇಶ್ವರನಿಗೆ ಹರಕೆ ಹೊರುತ್ತಾಳೆ. ‘ಮದುವೆಯಾದರೆ ಎಲ್ಲ ಸರಿಹೋದೀತು’ ಎನ್ನುವವರೂ ಉಂಟು. ಇದಕ್ಕಿಂತ ಕೆಟ್ಟ ಸಲಹೆ ಬೇರೊಂದಿಲ್ಲ.

ಸಂಗತಿ ಏನು? ಕೆಲವು ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಗರ್ಭಕೋಶವೂ ಯೋನಿಯ ಮೇಲ್ಭಾಗವೂ ಇರುವುದಿಲ್ಲ, ಇಲ್ಲವೆ ಪೂರ್ತಿ ಬೆಳೆದಿರುವುದಿಲ್ಲ. ಮಗು ತಾಯಿಯ ಹೊಟ್ಟೆಯಲ್ಲಿರುವಾಗ ಎರಡು ಕೊಳವೆಗಳು ಕೂಡಿ ಗರ್ಭಕೋಶವಾಗಬೇಕು. ಆ ಬೆಳವಣಿಗೆ ನಡುವೆ ನಿಂತಿರುತ್ತದೆ. ಇದನ್ನು ಕುರಿತು ಬರೆದ ಮೇಯರ್, ರೊಕಿಟಾನ್‌ಸ್ಕಿ, ಕುಸ್ಟರ್, ಹೌಸರ್ ಎಂಬ ನಾಲ್ವರ ಹೆಸರಿನಿಂದಲೇ ವೈದ್ಯರು ಇದನ್ನು ಕರೆಯುತ್ತಾರೆ. ಮೇಯರ್ ಬರೆದದ್ದು 1829ರಲ್ಲಿ. ಅಂಡಾಶಯಗಳು ಸರಿಯಾಗಿಯೇ ಕೆಲಸ ಮಾಡುತ್ತವೆ. ಎದೆ ಬೆಳೆಯುವುದು ಅದರಿಂದಲೇ. ಅವಳು ಪೂರ್ಣ ಹೆಣ್ಣು. ತಾಯಿ ಗ್ರಹಣ ನೋಡಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಯಾರ ಪಾಪದ ಫಲವೂ ಅಲ್ಲ.

ಸುಮಾರು 5000 ಹೆಣ್ಣು ಶಿಶುಗಳಲ್ಲಿ ಒಂದಕ್ಕೆ ಹೀಗಾಗುತ್ತದೆ. ಅಪರೂಪವೇ ಸರಿ. ಆದರೆ 2011ರ ಜನಗಣತಿಯಂತೆ ಮೈಸೂರು ಜಿಲ್ಲೆಯಲ್ಲಿ ಹೆಂಗಸರು ಸುಮಾರು 15 ಲಕ್ಷ. ಲೆಕ್ಕ ಹಾಕಿ ನೋಡಿ: ಮುನ್ನೂರು ಮಂದಿ! ಅವರೆಲ್ಲಿ? ‘ಬಂಜೆ’ ಎಂಬ ಹೆಸರು ಹೊತ್ತು ಎಷ್ಟು ಮಂದಿ ತವರಿನ ಮೂಲೆ ಸೇರಿದ್ದಾರೋ!

ಹಾಗಾದರೆ ಮಾಡತಕ್ಕದ್ದೇನು? 15 ತುಂಬಿಯೂ ಮುಟ್ಟಾಗದ ಹುಡುಗಿಯನ್ನು ಆಸ್ಪತ್ರೆಗೆ ಕರೆದೊಯ್ಯಿರಿ. ತಿಂಗಳು ತಿಂಗಳೂ ಹೊಟ್ಟೆನೋವು ಬರುತ್ತಿದ್ದರೆ ಅಲ್ಲಿಯವರೆಗೂ ಕಾಯಬೇಡಿ. ಗರ್ಭಕೋಶವಿದ್ದು, ದಾರಿ ಮುಚ್ಚಿ, ರಕ್ತ ಒಳಗೇ ನಿಂತಿರಬಹುದು. ಮೈಸೂರಿನ ಚೆಲುವಾಂಬ ಆಸ್ಪತ್ರೆ ಸರ್ಕಾರದ್ದು, ಹೆಂಗಸರಿಗೂ ಮಕ್ಕಳಿಗೂ ಎಂದೇ ಇರುವುದು. ಸ್ಕ್ಯಾನಿಂಗ್ ಮಾಡಿಸಿದರೆ ಗರ್ಭಕೋಶದ ಸ್ಥಿತಿ ತಿಳಿಯುತ್ತದೆ. ಮೂತ್ರಪಿಂಡಗಳನ್ನೂ ನೋಡಿಸಿ, ಇವರಲ್ಲಿ ಕೆಲವರಿಗೆ ಒಂದೇ ಇರುವುದುಂಟು. ದಾಂಪತ್ಯಕ್ಕೆ ಅಡ್ಡಿಯಾಗದಂತೆ ಚಿಕಿತ್ಸೆ ಉಂಟು. ಅನೇಕರಿಗೆ ಶಸ್ತ್ರಕ್ರಿಯೆಯೂ ಬೇಕಿಲ್ಲ. ಅದು ಅವಳು ಬಯಸಿದಾಗ, ಅವಳ ಒಪ್ಪಿಗೆಯಿಂದ ನಡೆಯಬೇಕು.

ಮಕ್ಕಳ ಮಾತೇನು? 2014ರಲ್ಲಿ ಸ್ವೀಡನ್ನಿನಲ್ಲಿ, ಗರ್ಭಕೋಶವಿಲ್ಲದೆ ಹುಟ್ಟಿದ್ದ ಹೆಂಗಸೊಬ್ಬಳು ಇನ್ನೊಬ್ಬಳಿಂದ ಪಡೆದ ಗರ್ಭಕೋಶದಲ್ಲಿ ಮಗುವನ್ನು ಹೊತ್ತು ಹೆತ್ತಳು. ಕೂಲಿಕಾರರ ಕೈಗೆಟುಕುವ ದಾರಿ ಅದಲ್ಲ. ಗರ್ಭಕೋಶವಿಲ್ಲದವಳಿಗಾಗಿ ಮತ್ತೊಬ್ಬಳು ಹೆತ್ತುಕೊಡಲು ನಮ್ಮ 2021ರ ಕಾಯಿದೆಯಲ್ಲಿ ಅವಕಾಶವಿದೆ; ಹಣಕ್ಕಾಗಿ ಹೆರುವುದನ್ನು ಅದು ನಿಷೇಧಿಸಿದೆ. ಸರಿಯೇ! ಬಡವಳ ಬಸಿರು ಸಂತೆಯ ಸರಕಾಗಕೂಡದು. ಇನ್ನು, ದತ್ತು ತಂದ ಮಗುವೂ ಮಗುವೇ.

ಬಂಧುಗಳೇ, ನಿಜವನ್ನು ಮೊದಲು ಹುಡುಗಿಗೆ ಹೇಳಿ. ಮುಚ್ಚಿಟ್ಟು ಮದುವೆ ಮಾಡಬೇಡಿ. ತಿಳಿದ ಮೇಲೆ ಹೊರಗೆ ಹಾಕಬೇಡಿ. ನಾಟಿಗೆ ಕರೆಯುವಾಗ ಗರ್ಭಕೋಶ ಇದೆಯೇ ಎಂದು ಕೇಳುತ್ತೇವೆಯೇ? ಹೆತ್ತರೆ ಮಾತ್ರ ಬೆಲೆ ಎಂಬುದು ದನದ ಜಾತ್ರೆಯ ಲೆಕ್ಕ. ತಾಲ್ಲೂಕು ತಾಲ್ಲೂಕಿಗೂ ಹೆಣ್ಣು ವೈದ್ಯರು, ಸ್ಕ್ಯಾನಿಂಗ್ ಬೇಕೆಂದು ಸರ್ಕಾರವನ್ನು ಕೇಳೋಣ. ‘ಬಂಜೆ’ ಎಂಬ ಮಾತನ್ನು ಬಿಡಲು ಮಾತ್ರ ಯಾವ ಸರ್ಕಾರದ ಅಪ್ಪಣೆಯೂ ಬೇಕಿಲ್ಲ.