ಹಳೆಯ ಡ್ರಮ್ಮಿಗೆ ಬೆಲೆ ಕಟ್ಟಿದ ಕಥೆ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಕಾರ್ಯದರ್ಶಿಗಳು ನಮ್ಮನ್ನು ಮಾತಿಗೆ ಕರೆದಾಗ ‘ಬ್ಯಾಂಕು ಮತ್ತು ಸಂಸಾರ’ ಎಂಬ ವಿಷಯವನ್ನು ಸೂಚಿಸಿದ್ದರು. ಉಳಿತಾಯದ ಉಪದೇಶ ಕೇಳಿ ಕೇಳಿ ತಮಗೂ ಬೇಸರ, ಹೇಳಿ ಹೇಳಿ ನಮಗೂ ಬೇಸರ. ಆದುದರಿಂದ ಅವರ ಅಪ್ಪಣೆ ಪಡೆದು, ಬೆಲೆ ಕಟ್ಟುವ ಬೇರೊಂದು ಕೆಲಸದ ಕಥೆಯನ್ನು ಹೇಳಬೇಕೆಂದಿದ್ದೇವೆ. ನಾವು ಮಾಡಿದ ಒಂದು ದೊಡ್ಡ ತಪ್ಪೂ ಅದರಲ್ಲಿ ಸೇರಿದೆ.

ನಮ್ಮ ಹಿರಿಯ ಸದಸ್ಯರೊಬ್ಬರು ಹೋದ ವರ್ಷ ತೀರಿಕೊಂಡರು. ಹಗಲು ಗಿರಣಿಯ ಕಚೇರಿಯಲ್ಲಿ ಲೆಕ್ಕ ಬರೆಯುತ್ತ, ರಾತ್ರಿ ಆರ್ಕೆಸ್ಟ್ರಾದಲ್ಲಿ ಡ್ರಮ್ ಬಾರಿಸುತ್ತ ಬದುಕಿದವರು. ಗಣೇಶೋತ್ಸವದ ಮಂಟಪಗಳಲ್ಲಿ ಅವರ ಕೈ ಕೇಳಿದವರು ಈ ಸಭೆಯಲ್ಲೂ ಇದ್ದೀರಿ. ಅವರ ಪತ್ನಿಗೆ ಈಗ ಎಪ್ಪತ್ತು ದಾಟಿದೆ. ಇದ್ದ ಚಾಳು ಹೊಸ ಕಟ್ಟಡಕ್ಕಾಗಿ ಒಡೆಯಲ್ಪಟ್ಟಿದೆ. ಬಾಡಿಗೆಯ ಒಂದು ಕೋಣೆಯಲ್ಲಿ ಸಂಸಾರ. ಅಟ್ಟದ ಮೇಲಿದ್ದ ಡ್ರಮ್ ಸೆಟ್ಟಿಗೆ ಅಲ್ಲಿ ಸ್ಥಳವೆಲ್ಲಿ? ಹಳೆಯ ವಾದ್ಯಗಳ ವ್ಯಾಪಾರಿಯೊಬ್ಬ ಬಂದು ನೋಡಿ, “ಇದು ಕಲಬೆರಕೆ ಮಾಲು, 18,000 ರೂಪಾಯಿ ಕೊಡುತ್ತೇನೆ, ಭಾನುವಾರ ಟೆಂಪೋ ತರುತ್ತೇನೆ” ಎಂದು ಹೇಳಿಹೋದ.

ಆ ತಾಯಿ ನಮಗೆ ಫೋನು ಮಾಡಿದರು. “ನೀವು ಬ್ಯಾಂಕಿನವರಲ್ಲವಾ, ಚಿನ್ನಕ್ಕೆ ಬೆಲೆ ಕಟ್ಟುವವರು. ಇದನ್ನೂ ಒಮ್ಮೆ ನೋಡಿ ಹೇಳಿ ಮಾರಾಯ್ರೆ” ಎಂದರು. ಚಿನ್ನಕ್ಕೆ ಬೆಲೆ ಕಟ್ಟುವವರು ನಾವಲ್ಲ. ಅದಕ್ಕೆ ಒರೆಗಲ್ಲು ಹಿಡಿದ ಅಕ್ಕಸಾಲಿಗರು ಬೇರೆಯೇ ಇದ್ದಾರೆ. ಅವರು ಹೇಳಿದ್ದನ್ನು ಪುಸ್ತಕಕ್ಕೆ ಏರಿಸುವುದಷ್ಟೇ ನಮ್ಮ ಕೆಲಸ. ಆದರೂ ಹೋದೆವು.

ಮೂಟೆ ಬಿಚ್ಚಿದಾಗ ಕಂಡದ್ದು ನಾಲ್ಕು ಡ್ರಮ್ಮುಗಳು: 22 ಅಂಗುಲದ ಬೇಸ್ ಡ್ರಮ್, 13 ಅಂಗುಲದ ಟಾಮ್, ಕಾಲಿನ ಮೇಲೆ ನಿಲ್ಲುವ 16 ಅಂಗುಲದ ಫ್ಲೋರ್ ಟಾಮ್, ಲೋಹದ ಒಂದು ಸ್ನೇರ್. ಪ್ರತಿಯೊಂದಕ್ಕೂ ಲುಡ್ವಿಗ್, ಶಿಕಾಗೊ ಎಂದು ಕೊರೆದ, ಕಮಾನಿನ ನಡುಗಲ್ಲಿನ ಆಕಾರದ ಬಿಲ್ಲೆ. ಬಿಲ್ಲೆಯ ಮೇಲೆ ಕ್ರಮಸಂಖ್ಯೆ.

ಬಿ.ಕಾಂ. ಓದಿದವನ ಕಣ್ಣು ಮೊದಲು ಸಂಖ್ಯೆಯ ಮೇಲೇ ಬೀಳುವುದು ಸಹಜವಷ್ಟೆ. ಬರೆದುಕೊಂಡು ನೋಡಿದರೆ ನಾಲ್ಕು ಡ್ರಮ್ಮಿನ ನಾಲ್ಕು ಸಂಖ್ಯೆಗಳಿಗೂ ಪರಸ್ಪರ ಸಂಬಂಧವೇ ಇಲ್ಲ, ಸಾವಿರಾರು ಅಂತರ! ಚೆಕ್ ಪುಸ್ತಕದ ಹಾಳೆಗಳು ಸಾಲಾಗಿಲ್ಲದಿದ್ದರೆ ಏನು ತಿಳಿಯುತ್ತೇವೆ? ನಾಲ್ಕು ಕಡೆಯಿಂದ ಕೂಡಿಸಿದ್ದೆಂದು ನಿರ್ಧರಿಸಿ, “ವ್ಯಾಪಾರಿ ಹೇಳಿದ್ದು ಸರಿಯಿರಬೇಕು ಅಮ್ಮ” ಎಂದುಬಿಟ್ಟೆವು. ಅವರು ಏನೂ ಹೇಳಲಿಲ್ಲ. ಚಹಾ ಮಾಡಿ ಕೊಟ್ಟರು.

ಮನಸ್ಸು ಕೇಳಲಿಲ್ಲ. ಚಿತ್ರರಂಗದ ಧ್ವನಿಮುದ್ರಣಗಳಲ್ಲಿ ದುಡಿದು ನಿವೃತ್ತರಾದ ಗೋವೆಯ ವಾದಕರೊಬ್ಬರನ್ನು ಹುಡುಕಿಕೊಂಡು ಹೋದೆವು. (ಈ ಮುಂಬಯಿಯ ಹಿಂದೀ ಚಿತ್ರಗೀತೆಗಳ ತಾಳದ ಹಿಂದೆ ಗೋವೆಯವರು, ಪಾರಸಿಗಳು ಎಷ್ಟು ಮಂದಿ! ಕಾವಸ್ ಲಾರ್ಡ್ ಮತ್ತು ಅವರ ಮಕ್ಕಳಾದ ಕೆರ್ಸಿ, ಬುಜಿ ಅವರ ಹೆಸರನ್ನಾದರೂ ನಾವು ನೆನೆಯಬೇಕು.) ನಮ್ಮ ಸಂಖ್ಯಾಶಾಸ್ತ್ರವನ್ನು ಕೇಳಿ ಆ ಹಿರಿಯರು ನಕ್ಕರು.

ಅವರು ತಿಳಿಸಿದ್ದು ಹೀಗೆ. ಲುಡ್ವಿಗ್ ಸೋದರರು 1909ರಲ್ಲಿ ಶಿಕಾಗೊದಲ್ಲಿ ಕಂಪೆನಿ ತೆರೆದರು. ಕೆಲವು ವರ್ಷಗಳ ಮೇಲೆ ಅದು ಕಾನ್ ಎಂಬ ಸಂಸ್ಥೆಯ ಪಾಲಾಯಿತು. ಹೆಸರೂ ಅದರೊಡನೆ ಹೋಯಿತು. ವಿಲಿಯಂ ಲುಡ್ವಿಗ್ 1937ರಲ್ಲಿ ತಮ್ಮ ಹೆಸರಿನ ಮೂರು ಅಕ್ಷರಗಳನ್ನಷ್ಟೇ ಇಟ್ಟುಕೊಂಡು ಡಬ್ಲ್ಯು.ಎಫ್.ಎಲ್. ಎಂದು ಮತ್ತೆ ಆರಂಭಿಸಿ, 1955ರಲ್ಲಿ ತಮ್ಮ ಮನೆತನದ ಹೆಸರನ್ನು ತಾವೇ ದುಡ್ಡು ಕೊಟ್ಟು ಮರಳಿ ಕೊಂಡರು. ಕಾಲೇಜಿನಲ್ಲಿ ‘ಗುಡ್‌ವಿಲ್’ ಎಂಬ ಪಾಠ ನಮಗೆ ಅರ್ಥವಾಗಿರಲಿಲ್ಲ. ಆ ಸಂಜೆ ಅರ್ಥವಾಯಿತು. 1964ರ ಫೆಬ್ರುವರಿ 9ರಂದು ಬೀಟಲ್ಸ್ ತಂಡ ಅಮೆರಿಕದ ಟೆಲಿವಿಷನ್ನಿನಲ್ಲಿ ಹಾಡಿತು. ರಿಂಗೊ ಸ್ಟಾರ್ ಮುಂದಿದ್ದ ಡ್ರಮ್ಮಿನ ಮೇಲೆ ಲುಡ್ವಿಗ್ ಎಂಬ ಹೆಸರು ದೇಶಕ್ಕೆಲ್ಲ ಕಂಡಿತು. ಕಾರ್ಖಾನೆಗೆ ಬೇಡಿಕೆಯ ಮಹಾಪೂರ ಬಂತು. ಬಿಲ್ಲೆಗಳ ಮೇಲೆ ಕ್ರಮಸಂಖ್ಯೆ ಬಂದದ್ದೂ ಸುಮಾರು 1963ರ ಕೊನೆಯಲ್ಲಿಯೇ. ಕೆಲಸಗಾರರು ಡಬ್ಬಿಗೆ ಕೈಹಾಕಿ ಸಿಕ್ಕ ಬಿಲ್ಲೆಯನ್ನು ಸಿಕ್ಕ ಡ್ರಮ್ಮಿಗೆ ಬಡಿದರು. ಒಂದೇ ದಿನ ಹೊಸದಾಗಿ ಕೊಂಡ ಸೆಟ್ಟಿನಲ್ಲಿಯೂ ಸಂಖ್ಯೆಗಳು ಹೊಂದುವುದಿಲ್ಲ!

“ಒಳಗೆ ನೋಡಿದ್ದೀರಾ?” ಎಂದು ಕೇಳಿದರು. ನೋಡಿರಲಿಲ್ಲ. ಶನಿವಾರ ಅವರನ್ನೇ ಕರೆದುಕೊಂಡು ಹೋದೆವು.

ಚೆಂಡೆ ಬಲ್ಲ ನಮ್ಮ ಕರಾವಳಿಯವರಿಗೆ ಇದು ಸುಲಭವಾಗಿ ತಿಳಿದೀತು. ಮುಚ್ಚಿಗೆ ಸವೆಯುವ ವಸ್ತು. ಅದನ್ನು ಬದಲಾಯಿಸಿದರೆ ಚೆಂಡೆ ಬೇರೆಯದಾಗುವುದಿಲ್ಲ. ಕಳಸಿಗೆಯೇ ಬೇರೆಯಾದರೆ ಮಾತು ಬೇರೆ. ಇಲ್ಲಿಯೂ ಹಾಗೆಯೇ. ಪ್ಲಾಸ್ಟಿಕ್ಕಿನ ಮುಚ್ಚಿಗೆ ಬಿಚ್ಚಿ ಟಾರ್ಚು ಹಿಡಿದಾಗ ಬೇಸ್ ಡ್ರಮ್ಮಿನೊಳಗೆ ಕೆಂಪು ಮಸಿಯ ಮುದ್ರೆ ಕಂಡಿತು: 1966, ಏಪ್ರಿಲ್. ಫ್ಲೋರ್ ಟಾಮಿನಲ್ಲಿ 1966, ಮೇ. ಚಿಕ್ಕ ಟಾಮಿನ ಮುದ್ರೆ ಅಳಿಸಿಹೋಗಿತ್ತು. ಆದರೆ ಮೂರು ಪದರದ ಮರ, ಎರಡು ತುದಿಗಳಲ್ಲಿ ಬಲಕ್ಕೆ ಕೂಡಿಸಿದ ಮರದ ಬಳೆ, ತಿಳಿಯಾದ ವಾರ್ನಿಷು, ಎಲ್ಲವೂ ಅಕ್ಕತಂಗಿಯರಂತೆ ಒಂದೇ. ಅರುವತ್ತರ ದಶಕದ ಕೊನೆಯಲ್ಲಿ ಒಳಗಡೆ ಚುಕ್ಕೆಚುಕ್ಕೆಯ ಬೂದು ಬಣ್ಣ ಬಂತು. 1976ರ ಸುಮಾರಿಗೆ ಆರು ಪದರವಾಗಿ ಆ ಬಳೆ ಹೋಯಿತು. ಬಿಲ್ಲೆಯನ್ನು ಇಂದು ಯಾರು ಬೇಕಾದರೂ ಮಾಡಿಸಿ ಅಂಟಿಸಬಹುದು. ಅರುವತ್ತು ವರ್ಷದ ಮರವನ್ನು ಮಾಡಿಸುವುದು ಕಷ್ಟ.

ಇನ್ನು ಹೊದಿಕೆ. ಡ್ರಮ್ಮುಗಳ ಮೈ ಹಸಿರಾಗಿ ಮಿನುಗುತ್ತಿತ್ತು. ಅಮ್ಮ ತೆಗೆದುಕೊಟ್ಟ 1974ರ ಬಣ್ಣದ ಛಾಯಾಚಿತ್ರದಲ್ಲಿ ಅದು ನೀಲಿ! ಯಾರೋ ಹೊದಿಕೆ ಬದಲಿಸಿದ್ದಾರೆ ಎಂಬುದೇ ವ್ಯಾಪಾರಿಯ ದೊಡ್ಡ ಆಕ್ಷೇಪ. ಹಿರಿಯರು ಮಾತನಾಡದೆ ಒಂದು ಲಗ್ಗಿನ ತಿರುಪು ಬಿಚ್ಚಿದರು. (ಮುಚ್ಚಿಗೆಯನ್ನು ಬಿಗಿಹಿಡಿಯುವ ಲೋಹದ ತುಂಡಿಗೆ ಲಗ್ ಎನ್ನುತ್ತಾರೆ.) ಅದರ ಅಡಿಯಲ್ಲಿ ಬೆಳಕು ಕಾಣದ ಅಷ್ಟಗಲ ಜಾಗದಲ್ಲಿ ನವಿಲುಕತ್ತಿನ ನೀಲಿ. ಈ ನೀಲಿ ಹೊದಿಕೆಯ ಮೇಲ್ಪದರ ವಯಸ್ಸಾದಂತೆ ಹಳದಿಯಾಗುತ್ತದೆ. ನೀಲಿಯ ಮೇಲೆ ಹಳದಿ ಕೂಡಿದರೆ ಹಸಿರಲ್ಲದೆ ಇನ್ನೇನು? ಹೊಸ ಹೊದಿಕೆಯಾಗಿದ್ದರೆ ಅಡಿಯಲ್ಲಿಯೂ ಮೇಲೂ ಒಂದೇ ಬಣ್ಣವಿರುತ್ತಿತ್ತು. ಅಮ್ಮ ಬಗ್ಗಿ ಆ ನೀಲಿಯನ್ನು ಬಹಳ ಹೊತ್ತು ನೋಡಿದರು.

ಡ್ರಮ್ಮಿನ ಅಂಚನ್ನು ಪರೀಕ್ಷಿಸಲು ಅಡಿಗೆಮನೆಯ ಗ್ರಾನೈಟ್ ಕಟ್ಟೆಯೇ ಸಾಕಾಯಿತು. ಮುಚ್ಚಿಗೆ ತೆಗೆದ ಒಡಲನ್ನು ಅದರ ಮೇಲೆ ಬೋರಲಿಟ್ಟು ಒಳಗೆ ದೀಪ ಹಿಡಿದರೆ, ಅಂಚು ತಗ್ಗಿದ್ದಲ್ಲಿ ಬೆಳಕು ಸೋರುತ್ತದೆ. ಎಲ್ಲಿಯೂ ಸೋರಲಿಲ್ಲ.

ಸ್ನೇರಿನ ಕಡೆಗೆ ನಮಗೆ ಆಸೆಯಿತ್ತು. ಲುಡ್ವಿಗ್ ಸುಪ್ರಾಫೋನಿಕ್ ಎಂಬ ಈ ಮಾದರಿಯ ಮೊದಮೊದಲ ಡ್ರಮ್ಮುಗಳು ಕ್ರೋಮಿನ ಕೆಳಗೆ ಹಿತ್ತಾಳೆ. 1963ರ ಸುಮಾರಿನಿಂದ ಅಲ್ಯುಮಿನಿಯಂ. ಹಿತ್ತಾಳೆಯದಕ್ಕೆ ಬೆಲೆ ಹೆಚ್ಚು. ಅಯಸ್ಕಾಂತದಿಂದ ಪ್ರಯೋಜನವಿಲ್ಲ, ಎರಡಕ್ಕೂ ಅದು ಅಂಟದು. ತೂಕ ನೋಡಬೇಕು, ಒಳಗಿನ ತೂತಿನ ಅಂಚಿನಲ್ಲಿ ಹಳದಿ ಇಣುಕುವುದೇ ಎಂದು ನೋಡಬೇಕು. ನಮ್ಮದು ಹಗುರ, ಕ್ರೋಮು ಸಿಡುಬಿನ ಕಲೆಯಂತೆ ಎದ್ದಿತ್ತು. ಅಲ್ಯುಮಿನಿಯಮ್ಮೇ.

ಉಳಿದದ್ದು ಬೇಸ್ ಡ್ರಮ್ಮಿನ ನೆತ್ತಿಯ ಎರಡು ತೂತುಗಳು. 1974ರ ಚಿತ್ರದಲ್ಲಿ ಅವು ಇಲ್ಲ. ಕಾರ್ಖಾನೆಯದಲ್ಲದ ತೂತು ಬೆಲೆಗೆ ದೊಡ್ಡ ಪೆಟ್ಟು. ಅದನ್ನು ಮರೆಮಾಚಲು ಬರುವುದಿಲ್ಲ, ಮರೆಮಾಚಲೂಬಾರದು. ಕೇಳಿದಾಗ ಅಮ್ಮ ಹೇಳಿದರು: “ಅವರೇ ಕೊರೆದದ್ದು. ಟಾಮ್ ಹಿಡಿಯುವ ಕಬ್ಬಿಣ ಮುರಿದಿತ್ತು, ಮರುದಿನ ಪ್ರೋಗ್ರಾಮು. ಇಡೀ ರಾತ್ರಿ ನಾನು ಡ್ರಮ್ ಹಿಡಿದುಕೊಂಡು ಕುಳಿತಿದ್ದೆ.” ಅದನ್ನೂ ಪಟ್ಟಿಯಲ್ಲಿ ಬರೆದೆವು, ‘ಮಾಲೀಕರು ಕೊರೆದ ತೂತು, ಎರಡು’ ಎಂದು.

ಬೆಲೆಯೆಷ್ಟು ಎಂದು ತಾವು ಕೇಳುವಿರಿ. ರಿಂಗೊ ಸ್ಟಾರ್ ಅವರ 1963ರ ಲುಡ್ವಿಗ್ ಸೆಟ್ಟು 2015ರ ಡಿಸೆಂಬರಿನಲ್ಲಿ 20 ಲಕ್ಷ ಡಾಲರಿಗೂ ಮೇಲೆ ಹರಾಜಾಯಿತು. ಆ ಸುದ್ದಿ ಓದಿ ತಮ್ಮ ಅಟ್ಟಕ್ಕೆ ಏಣಿ ಹಾಕುವವರಿಗೆ ನಮ್ಮ ವಿನಂತಿ: ಅದು ಆ ಮನುಷ್ಯನ ಕೀರ್ತಿಗೆ ಸಂದ ಹಣ. ಅಮೆರಿಕದ ಬೆಲೆಯಿಂದ ಹಡಗಿನ ಬಾಡಿಗೆ, ಸುಂಕ, ಮಧ್ಯಸ್ಥರ ಪಾಲು ಕಳೆಯಬೇಕು. ಬ್ಯಾಂಕಿನಲ್ಲಿ ನಾವು ಪೇಟೆಯ ಬೆಲೆ ಬೇರೆ, ಅವಸರದ ಮಾರಾಟದ ಬೆಲೆ ಬೇರೆ ಎಂದು ಎರಡು ಕಲಮುಗಳಲ್ಲಿ ಬರೆಯುತ್ತೇವೆ. ಭಾನುವಾರದ ಟೆಂಪೋ ಎರಡನೆಯ ಕಲಮಿನದು. ಆ ತಾಯಿಗೆ ಬೇಕಾದದ್ದು ದಿನಗಳ ಅವಕಾಶ. ಅದಕ್ಕಾಗಿ ಅಧ್ಯಕ್ಷರು ಸಂಘದ ಉಗ್ರಾಣದಲ್ಲಿ ಸ್ಥಳ ಕೊಟ್ಟರು.

ವ್ಯಾಪಾರಿ ಬಂದ. ಪಟ್ಟಿಯನ್ನು ಓದಿ, ಲಗ್ಗಿನಡಿಯ ನೀಲಿಯನ್ನು ನೋಡಿ, ನಿಂತಲ್ಲೇ 60,000 ಎಂದ. ವಾರದ ಹಿಂದೆ ನಮ್ಮ ಮಾತು ಕೇಳಿ ಅವರು ಒಪ್ಪಿಬಿಟ್ಟಿದ್ದರೆ! ಅದನ್ನು ನೆನೆದರೆ ಇಂದಿಗೂ ನಮಗೆ ನಾಚಿಕೆಯಾಗುತ್ತದೆ. ಅಮ್ಮ ಕೊಡಲಿಲ್ಲ. ಗೋವೆಯ ಹಿರಿಯರು ಈಗ ವಾದಕರೊಬ್ಬರನ್ನು ಗೊತ್ತುಮಾಡಿದ್ದಾರೆ. ದೀಪಾವಳಿ ಕಳೆದ ಮೇಲೆ ಬಂದು ನೋಡುತ್ತಾರೆ. ಅದುವರೆಗೆ ಯಾರೂ ಅದಕ್ಕೆ ಪಾಲಿಷು ಹಾಕಬಾರದೆಂದು ಉಗ್ರಾಣದ ಬಾಗಿಲಿಗೆ ಚೀಟಿ ಅಂಟಿಸಿದ್ದೇವೆ. ಯುವಕ ಸಂಘದವರು ದಯವಿಟ್ಟು ಗಮನಿಸಬೇಕು.

ಕೊಳ್ಳುವವರು ಫೋನಿನಲ್ಲಿ, ಆ ಎರಡು ತೂತುಗಳನ್ನು ಮೊದಲೇ ಮುಚ್ಚಿಸಿಡಬಹುದೆ ಎಂದು ಕೇಳಿಸಿದ್ದರು. ಅಮ್ಮನಿಗೆ ತಿಳಿಸಿದೆವು. “ಕೊಂಡ ಮೇಲೆ ಅವರಿಗೆ ಬೇಕಾದ ಹಾಗೆ ಮಾಡಿಕೊಳ್ಳಲಿ. ನನ್ನ ಹತ್ತಿರ ಇರುವಷ್ಟು ದಿನ ಬೇಡ” ಎಂದರು.