ಗೊರಕೆಗೆ ಆಪರೇಷನ್ ಅಂದಾಗ ನಾವು ನಕ್ಕಿದ್ದೆವು
(ಮಹಾಸಂಘದ ತಿಂಗಳ ಸಭೆಯಲ್ಲಿ ಒಂದು ಸಂಘದ ಸದಸ್ಯೆಯರು ಆಡಿದ ಮಾತುಗಳ ಬರಹರೂಪ)



ನಮ್ಮ ಸಂಘದಲ್ಲಿ ನಡೆದ ಒಂದು ವಿಷಯವನ್ನು ಎಲ್ಲರಿಗೂ ತಿಳಿಸಿ ಅಂತ ಪ್ರೇರಕಿಯವರು ಹೇಳಿದ್ದಾರೆ. ಇದರಲ್ಲಿ ನಮ್ಮ ತಪ್ಪೂ ಇದೆ. ಅದನ್ನೇ ಮೊದಲು ಹೇಳಿಬಿಡುತ್ತೇವೆ.

ಎರಡು ವರ್ಷದ ಹಿಂದೆ ನಮ್ಮ ಸದಸ್ಯೆಯೊಬ್ಬರು ವಾರದ ಸಭೆಯಲ್ಲಿ ಎದ್ದು ನಿಂತು, ದವಡೆ ಆಪರೇಷನ್‌ಗೆ ಸಾಲ ಬೇಕು ಅಂತ ಕೇಳಿದರು. ಯಾಕೆ ಎಂದರೆ, "ಗೊರಕೆ ಬಹಳ, ನಿದ್ದೆಯಲ್ಲಿ ಉಸಿರು ನಿಲ್ಲುತ್ತದೆ" ಎಂದರು. ನಾವು ನಕ್ಕೆವು. ಗೊರಕೆ ಯಾರ ಮನೆಯಲ್ಲಿಲ್ಲ ಅಂತ ಒಬ್ಬರು, ಮುಖ ಚಂದ ಮಾಡಿಸಿಕೊಳ್ಳಲು ಹೊರಟಿದ್ದಾಳೆ ಅಂತ ಇನ್ನೊಬ್ಬರು. ನಿರ್ಣಯ ಪುಸ್ತಕದಲ್ಲಿ "ಸದ್ಯಕ್ಕೆ ಸಾಲ ಇಲ್ಲ" ಎಂದು ಬರೆದಾಯ್ತು. ಅವರು ಮಾತಾಡದೆ ಕೂತರು. ಹತ್ತು ನಿಮಿಷಕ್ಕೆ ಕೂತಲ್ಲೇ ತೂಕಡಿಸಿದರು. ಸಭೆಗೆ ಬಂದಾಗೆಲ್ಲ ಹೀಗೇ. ನಾವು ಅದನ್ನು ಸೋಮಾರಿತನ ಅಂದುಕೊಂಡಿದ್ದೆವು.

ಆಮೇಲೆ ಅವರ ಮಗಳು ನಮ್ಮ ಪ್ರತಿನಿಧಿಯ ಮನೆಗೆ ಬಂದಳು. "ಅಕ್ಕಾ, ಅಮ್ಮನ ಉಸಿರು ನಿಂತಾಗ ನಾನು ಎಣಿಸ್ತಾ ಕೂತಿರ್ತೀನಿ. ಇಪ್ಪತ್ತು, ಇಪ್ಪತ್ತೈದು ಎಣಿಸೋವರೆಗೂ ಬರೋದಿಲ್ಲ" ಅಂದಳು. ಹತ್ತನೇ ಕ್ಲಾಸಿನ ಹುಡುಗಿ ರಾತ್ರಿ ನಿದ್ದೆಗೆಟ್ಟು ತಾಯಿಯ ಉಸಿರು ಎಣಿಸುವುದೆಂದರೆ! ಅದನ್ನು ಕೇಳಿ ನಮ್ಮಲ್ಲಿ ಮೂವರು ಅವರ ಜೊತೆ ಆಸ್ಪತ್ರೆಗೆ ಹೋದೆವು.

ಡಾಕ್ಟರು ತಾಳ್ಮೆಯಿಂದ ಹೇಳಿದರು. ನಿದ್ದೆ ಬಂದಾಗ ಗಂಟಲಿನ ಮಾಂಸ ಸಡಿಲವಾಗಿ ನಾಲಿಗೆ ಹಿಂದಕ್ಕೆ ಬೀಳುತ್ತದೆ, ಉಸಿರಿನ ದಾರಿ ಮುಚ್ಚುತ್ತದೆ. ಹತ್ತು ಸೆಕೆಂಡು ಅಥವಾ ಹೆಚ್ಚು ಹೊತ್ತು ಉಸಿರು ನಿಂತರೆ ಅದನ್ನು ಒಂದು ಸಲ ಎಂದು ಲೆಕ್ಕ ಹಿಡಿಯುತ್ತಾರೆ. ಉಸಿರು ಅರೆಬರೆಯಾಗಿ ಕಡಿಮೆಯಾಗುವುದೂ ಲೆಕ್ಕಕ್ಕೆ ಬರುತ್ತದೆ. ಗಂಟೆಗೆ 5 ಸಲಕ್ಕಿಂತ ಕಡಿಮೆಯಾದರೆ ಚಿಂತೆ ಇಲ್ಲ, 30 ದಾಟಿದರೆ ತೀವ್ರ. ಇದಕ್ಕೆ ಸ್ಲೀಪ್ ಅಪ್ನಿಯ ಎನ್ನುತ್ತಾರೆ. ಹೀಗೇ ಬಿಟ್ಟರೆ ಬಿ.ಪಿ. ಏರುತ್ತದೆ, ಹೃದಯಕ್ಕೂ ತೊಂದರೆ. ಹೆಂಗಸರಲ್ಲಿ ಗೊರಕೆ ಜೋರಿಲ್ಲದೆಯೂ ಇದು ಇರಬಹುದು. ಬೆಳಗ್ಗೆ ತಲೆನೋವು, ದಿನವಿಡೀ ಸುಸ್ತು, ರಾತ್ರಿ ಪದೇ ಪದೇ ಎಚ್ಚರ. ಮುಟ್ಟು ನಿಂತ ಮೇಲೆ ಹೆಚ್ಚಾಗುತ್ತದೆ. ಇದನ್ನೆಲ್ಲ ನಾವು ರಕ್ತ ಕಡಿಮೆ, ಚಿಂತೆ ಹೆಚ್ಚು ಅಂತ ತಳ್ಳಿಹಾಕುತ್ತೇವೆ.

ಮೊದಲ ಮದ್ದು ಆಪರೇಷನ್ ಅಲ್ಲ, ತಿಳಿದಿರಲಿ. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಎಂಬ ವೈದ್ಯರು ಪ್ರಕಟಿಸಿದ ಸಿಪ್ಯಾಪ್ ಎಂಬ ಚಿಕಿತ್ಸೆ ಇದೆ. ಮೂಗಿನ ಮಾಸ್ಕಿನಿಂದ ಮಿಷನ್ ಗಾಳಿ ಒತ್ತಿ ಗಂಟಲು ತೆರೆದಿಡುತ್ತದೆ. ನಮ್ಮ ಸದಸ್ಯೆ ಏಳು ತಿಂಗಳು ಅದನ್ನು ಹಾಕಿಕೊಂಡರು. ನಮ್ಮೂರಿನ ಮಳೆಗಾಲ ನಿಮಗೆ ಗೊತ್ತೇ ಇದೆ, ಕರೆಂಟ್ ಹೋದರೆ ಎರಡು ದಿನ. ಮಾಸ್ಕ್ ಕಟ್ಟಿದರೆ ಅವರಿಗೆ ಜೀವ ಹೋದ ಹಾಗೆ ಆಗುತ್ತಿತ್ತು ಕೂಡ. ಅವರ ಕೆಳದವಡೆ ಹುಟ್ಟಿನಿಂದಲೇ ಚಿಕ್ಕದು, ಹಿಂದಕ್ಕೆ ಸರಿದದ್ದು. ಆದ್ದರಿಂದ ಮೇಲಿನ, ಕೆಳಗಿನ ಎರಡೂ ದವಡೆ ಕತ್ತರಿಸಿ ಸುಮಾರು ಒಂದು ಸೆಂಟಿಮೀಟರ್ ಮುಂದಕ್ಕೆ ತಂದು ಟೈಟೇನಿಯಂ ಪ್ಲೇಟು, ಸ್ಕ್ರೂ ಹಾಕಿ ಕೂಡಿಸುವ ಆಪರೇಷನ್ ಹೇಳಿದರು. ಕೊಯ್ಯುವುದು ಹೆಚ್ಚಾಗಿ ಬಾಯಿಯ ಒಳಗೇ. 2010ರಲ್ಲಿ ಪ್ರಕಟವಾದ ಒಂದು ವಿಮರ್ಶೆಯಲ್ಲಿ 627 ರೋಗಿಗಳ ಲೆಕ್ಕ ನೋಡಿದಾಗ ನೂರಕ್ಕೆ 86 ಮಂದಿಗೆ ಒಳ್ಳೆಯ ಫಲ ಸಿಕ್ಕಿತ್ತು. ಪೂರ್ತಿ ಗುಣವಾದವರು ನೂರಕ್ಕೆ 43. ಈ ಎರಡು ಲೆಕ್ಕವನ್ನೂ ಡಾಕ್ಟರ ಬಾಯಿಂದ ಕೇಳಿಯೇ ಒಪ್ಪಿಗೆ ಕೊಡಬೇಕು.

ತಯಾರಿ ಎಂದರೆ ಆಪರೇಷನ್ನಿನ ಹಿಂದಿನ ದಿನದ್ದು ಅಂದುಕೊಂಡಿದ್ದೆವು. ಅದು ಒಂದು ವರ್ಷಕ್ಕೂ ಮೇಲಾಯ್ತು. ಮೊದಲು ರಾತ್ರಿಯಿಡೀ ತಲೆಗೆ, ಎದೆಗೆ ವೈರ್ ಅಂಟಿಸಿ ನಿದ್ದೆಯ ಪರೀಕ್ಷೆ. ಕೆಳದವಡೆ ಕತ್ತರಿಸುವ ಜಾಗದಲ್ಲೇ ಬುದ್ಧಿಹಲ್ಲು ಇರುತ್ತದಂತೆ, ಅದನ್ನು ಸುಮಾರು ಆರು ತಿಂಗಳು ಮೊದಲೇ ಕೀಳಿಸಿದರು. ಹಲ್ಲು ಸರಿ ಕೂರಲಿ ಅಂತ ಕ್ಲಿಪ್ ಹಾಕಿದರು. ಎಲ್ಲರಿಗೂ ಕ್ಲಿಪ್ ಬೇಕಾಗುವುದಿಲ್ಲ. ನಲವತ್ತು ದಾಟಿದವರು ಕ್ಲಿಪ್ ಹಾಕಿಕೊಂಡು ಪೇಟೆಗೆ ಹೋದರೆ ಜನ ನೋಡುತ್ತಾರೆ. ನೋಡಲಿ ಬಿಡಿ.

ಅವರ ಹಿಮೋಗ್ಲೋಬಿನ್ 9 ಇತ್ತು. ಆಪರೇಷನ್ ಮುಂದಕ್ಕೆ ಹಾಕಿ ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಎಲೆಅಡಿಕೆಗೆ ಹೊಗೆಸೊಪ್ಪು ಹಾಕಿಕೊಳ್ಳುವ ಚಟ ಇತ್ತು. ತಂಬಾಕು ಇದ್ದರೆ ಗಾಯ ಮಾಯುವುದಿಲ್ಲ, ಮೂಳೆ ಕೂಡಿಕೊಳ್ಳುವುದಿಲ್ಲ ಎಂದರು. ಬಿಡುವುದು ಸುಲಭ ಆಗಲಿಲ್ಲ. ಸಭೆಯಲ್ಲಿ ಅವರ ಸೆರಗಿನ ಗಂಟು ಬಿಚ್ಚಿ ನೋಡುವ ಕೆಲಸ ನಮ್ಮದಾಯ್ತು. ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ, ನಾಟಿಮದ್ದನ್ನೂ ಚೀಲದಲ್ಲಿ ಹಾಕಿ ಡಾಕ್ಟರಿಗೆ ತೋರಿಸಿ. ಯಾವುದು ನಿಲ್ಲಿಸಬೇಕು ಅಂತ ಅವರೇ ಹೇಳಬೇಕು, ನಾವಾಗಿ ನಿಲ್ಲಿಸಬಾರದು. ಅರಿವಳಿಕೆ ಡಾಕ್ಟರಿಗೆ ಸ್ಲೀಪ್ ಅಪ್ನಿಯ ಇದೆ ಅಂತ ಮರೆಯದೆ ಹೇಳಿ. ಯಾವ ಆಪರೇಷನ್ ಆದರೂ ಸರಿ, ಹರ್ನಿಯಾ ಆದರೂ ಸರಿ. ಈ ಕಾಯಿಲೆಯವರಿಗೆ ನಿದ್ದೆ, ನೋವಿನ ಔಷಧಿಯಿಂದ ಉಸಿರು ಇನ್ನಷ್ಟು ಕಟ್ಟಬಹುದು. ಸಿಪ್ಯಾಪ್ ಮಿಷನ್ ಇದ್ದರೆ ಆಸ್ಪತ್ರೆಗೆ ಜೊತೆಗೇ ಒಯ್ಯಬೇಕು.

ದುಡ್ಡಿನ ವಿಷಯ. ಪ್ಲೇಟು, ಸ್ಕ್ರೂ, ಐ.ಸಿ.ಯು., ಔಷಧಿ, ಕ್ಲಿಪ್ ಎಲ್ಲ ಸೇರಿ ಎಷ್ಟು ಎಂದು ಬರೆಸಿಕೊಳ್ಳಿ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಆದರೆ ಪಟ್ಟಿಯಲ್ಲಿರುವ ಚಿಕಿತ್ಸೆಗೆ ಮಾತ್ರ. ಆಪರೇಷನ್ನಿನ ಹೆಸರನ್ನು ಡಾಕ್ಟರಿಂದ ಬರೆಸಿಕೊಂಡು ಮೊದಲೇ ಆರೋಗ್ಯ ಮಿತ್ರರಲ್ಲಿ ವಿಚಾರಿಸಿ. ನಾವು ಹಳೆಯ ನಿರ್ಣಯ ಹೊಡೆದುಹಾಕಿ ಆಂತರಿಕ ಸಾಲ ಕೊಟ್ಟೆವು, ಸಾಲದ್ದಕ್ಕೆ ಮಹಾಸಂಘ ಕೊಟ್ಟಿತು. ಗುಣವಾಗುವವರೆಗೆ ಮೂರು ತಿಂಗಳು ಕಂತು ಬೇಡ ಅಂತಲೂ ಬರೆದೆವು. ಕೂಲಿ ಇಲ್ಲದ ದಿನಗಳನ್ನೂ ಖರ್ಚಿನಲ್ಲಿ ಹಿಡಿಯಬೇಕಲ್ಲ!

ಮನೆಯ ತಯಾರಿ ನಮಗೆ ಬಿಟ್ಟದ್ದು. ಸುಮಾರು ಆರು ವಾರ ಅಗಿಯುವ ಹಾಗಿಲ್ಲ. ಮೇಲಿನ ಕೆಳಗಿನ ಹಲ್ಲಿಗೆ ರಬ್ಬರ್ ಬ್ಯಾಂಡ್ ಹಾಕಿರುತ್ತಾರೆ. ಮೊದಲು ನೀರಾದದ್ದು, ಆಮೇಲೆ ಮೆತ್ತಗಿನದ್ದು. ನಮ್ಮ ಒಬ್ಬರ ಮನೆಯ ಮಿಕ್ಸಿ ಅವರ ಮನೆಗೆ ಹೋಯ್ತು. ರಾಗಿ ಅಂಬಲಿ, ಹೆಸರುಬೇಳೆ ಕಟ್ಟು, ಸೋಸಿದ ಕೋಳಿ ಸಾರು, ಮಜ್ಜಿಗೆ. ಗಂಜಿತಿಳಿ ಒಂದೇ ಕುಡಿದರೆ ಶಕ್ತಿ ಬರುವುದಿಲ್ಲ. ದೊಡ್ಡ ಸಿರಿಂಜಿಗೆ ಮೆತ್ತಗಿನ ಟ್ಯೂಬ್ ಸಿಕ್ಕಿಸಿ ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪ ಬಿಡಬೇಕು. ಮಗಳು ಆಸ್ಪತ್ರೆಯಲ್ಲೇ ಕಲಿತಳು. ತಲೆ ಎತ್ತರಕ್ಕೆ ಬರುವ ಹಾಗೆ ದಿಂಬು ಜೋಡಿಸಿದೆವು. ವಾಂತಿ ಬಂದರೆ ಬ್ಯಾಂಡ್ ಕತ್ತರಿಸಲು ಚಿಕ್ಕ ಕತ್ತರಿ ಹಾಸಿಗೆ ಪಕ್ಕದಲ್ಲೇ ಇತ್ತು. ಎಲ್ಲಿ ಕತ್ತರಿಸಬೇಕು ಅಂತ ನರ್ಸ್ ತೋರಿಸಿದ್ದರು. ಮಾತಾಡಲು ಆಗುವುದಿಲ್ಲ ಅಂತ ಮಗಳ ಹಳೆಯ ಸ್ಲೇಟು. ಮೂಗು ಸೀನಿ ಸಿಂಬಳ ತೆಗೆಯಬಾರದು ಎಂದು ಗೋಡೆಗೆ ಬರೆದು ಅಂಟಿಸಿದ್ದೆವು.

ಮುಖ ಬದಲಾಗುತ್ತದೆ ಅಂತ ಡಾಕ್ಟರು ಮೊದಲೇ ಫೋಟೋ ತೆಗೆದು ತೋರಿಸಿದ್ದರು. ಆದರೂ ಮೂರನೇ ದಿನ ನೋಡಲು ಹೋದವರಿಗೆ ಗುರುತೇ ಸಿಗಲಿಲ್ಲ, ಅಷ್ಟು ಬಾವು. ಅವರ ಅತ್ತೆ ಬಾಗಿಲಲ್ಲೇ ಅತ್ತರು. ಅವರನ್ನು ಮೊದಲೇ ಸಿದ್ಧ ಮಾಡಲು ನಾವು ಮರೆತಿದ್ದೆವು. ಕೆಳತುಟಿ, ಗಲ್ಲ ಮರಗಟ್ಟುತ್ತದೆ ಅನ್ನುವುದನ್ನೂ ಮನೆಯವರಿಗೆ ಹೇಳಿರಬೇಕು. ಹೆಚ್ಚಿನವರಿಗೆ ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ, ಕೆಲವರಿಗೆ ಸ್ವಲ್ಪ ಉಳಿದೇ ಬಿಡುತ್ತದೆ.

ಈಗ ಐದು ತಿಂಗಳಾಯಿತು. ಕೆಳತುಟಿಯ ಎಡಭಾಗ ಇನ್ನೂ ಜೋಮು ಹಿಡಿದ ಹಾಗಿದೆ, ಚಹಾ ಸುರಿದರೂ ತಿಳಿಯುವುದಿಲ್ಲ ಅಂತ ಅವರೇ ನಗುತ್ತಾರೆ. ಎರಡು ಕಂತು ಕಟ್ಟಿದ್ದಾರೆ. ಮಗಳು ರಾತ್ರಿ ಮಲಗುತ್ತಾಳೆ. ನಿದ್ದೆಯ ಪರೀಕ್ಷೆ ಮತ್ತೆ ಮಾಡಿಸಬೇಕು, ಬರುವ ತಿಂಗಳು ತಾರೀಕು ಕೊಟ್ಟಿದ್ದಾರೆ. ಆಪರೇಷನ್ನಿನ ಮೊದಲು ಗಂಟೆಗೆ 52 ಸಲ ಇತ್ತು. ಈಗ ಎಷ್ಟು ಬಂತು ಅಂತ ಮುಂದಿನ ಸಭೆಯಲ್ಲಿ ಅವರೇ ನಿಂತು ಹೇಳುತ್ತಾರೆ.